ವಿಶ್ವಕೋಶಕ್ಕೆ ಹೊರಟ ಯಜಮಾನರು

ಬೀಗದ ಕಾರ್ಖಾನೆಯ ಯಜಮಾನರಿಗೆ ಆ ಬೆಳಿಗ್ಗೆ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಚಿಲಕ ಮಾಡಿ ಮಾರುವ ಅವರ ಭಾವಮೈದುನನ ಮೇಲೆ ಅಂತರ್ಜಾಲದ ವಿಶ್ವಕೋಶದಲ್ಲಿ ಲೇಖನವಿದೆ, ಅದೂ ಫೋಟೋ ಸಮೇತ ಎಂದು ಯಾರೋ ಕಿವಿಗೆ ಹಾಕಿದ್ದರು. ಟೈಪಿಸ್ಟನನ್ನು ಒಳಗೆ ಕರೆಸಿದರು.

“ಸಾಯಂಕಾಲದೊಳಗೆ ಆ ವಿಶ್ವಕೋಶದಲ್ಲಿ ನನ್ನ ಮೇಲೂ ಲೇಖನ ಬರ್ಬೇಕು. ಬರ್ಲಿಲ್ಲ ಅಂದ್ರೆ ನಾಳೆಯಿಂದ ನೀನೂ ಬರ್ಬೇಡ.”

ಯಜಮಾನರು ಕೆಮ್ಮಿದರೂ ಕೈಕಾಲು ನಡುಗುವ ಪ್ರಾಣಿ ನಮ್ಮ ಟೈಪಿಸ್ಟ. ಈ ಕೆಲಸ ಸಿಗುವವರೆಗೆ ಹೆಂಡತಿ ಮಕ್ಕಳೊಂದಿಗೆ ಮಾವನ ಮನೆಯ ಅನ್ನ ತಿಂದವನು. ಮತ್ತೆ ಆ ಪಂಕ್ತಿಯಲ್ಲಿ ಕೂರುವುದನ್ನು ನೆನೆದೇ ಅವನು ಕಂಪ್ಯೂಟರಿನ ಮುಂದೆ ಓಡಿ ಕೂತ.

ಬೆವರು ಒರೆಸಿಕೊಳ್ಳುತ್ತ ಒಂದು ಪುಟ ಬರೆದು ಹಾಕಿದ. ಆ ವಿಶ್ವಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದು ಎಂದು ಅವನಿಗೆ ಗೊತ್ತಿತ್ತು. ಬರೆದದ್ದನ್ನು ಯಾರು ಬೇಕಾದರೂ ಪ್ರಶ್ನಿಸಬಹುದು ಎಂಬುದು ಗೊತ್ತಿರಲಿಲ್ಲ. ಊಟಕ್ಕೆ ಏಳುವ ಮೊದಲೇ ಒಬ್ಬ ಸಂಪಾದಕ ತಗಾದೆ ತೆಗೆದ: ‘ಇವರು ಪ್ರಸಿದ್ಧರೆಂಬುದಕ್ಕೆ ಆಧಾರವೆಲ್ಲಿ? ಪತ್ರಿಕಾ ವರದಿ ಕೊಡಿ. ಇಲ್ಲವಾದರೆ ಅಳಿಸಲಾಗುವುದು.’

ಯಜಮಾನರ ಹೆಸರು ಪತ್ರಿಕೆಯಲ್ಲಿ ಬಂದದ್ದು ಒಂದೇ ಸಲ, ಅವರ ನಾಯಿ ಕಳೆದುಹೋದಾಗ ಕೊಟ್ಟ ಜಾಹೀರಾತಿನಲ್ಲಿ. ಟೈಪಿಸ್ಟ ಗತಿಯಿಲ್ಲದೆ ಅದನ್ನೇ ಕೊಟ್ಟ.

‘ಇದು ನಾಯಿಯ ಬಗ್ಗೆ ಇದೆ’ ಎಂದು ಉತ್ತರ ಬಂತು.

ಅಷ್ಟು ಹೊತ್ತಿಗೆ ಆಫೀಸಿಗೆ ಆಫೀಸೇ ಅವನ ಬೆನ್ನ ಹಿಂದೆ ನಿಂತಿತ್ತು. ಗೋಡೌನ್ ನೋಡಿಕೊಳ್ಳುವ ದಪ್ಪಣ್ಣನಂತೂ ತೋಳೇರಿಸಿದ.

“ಅಳಿಸೋಕೆ ಅವನ್ಯಾರು? ನಾವೆಲ್ಲ ಸತ್ತುಹೋದ್ವಾ? ಎಲ್ರೂ ಒಂದೊಂದು ಖಾತೆ ತೆಗೀರಿ, ‘ಲೇಖನ ಇರಲಿ’ ಅಂತ ಬರೀರಿ!”

“ಬೇಡಿ ಮಾರಾಯ್ರೇ, ನನ್ನ ಅನ್ನಕ್ಕೆ ಕಲ್ಲು ಬೀಳುತ್ತೆ” ಎಂದು ಟೈಪಿಸ್ಟ ಗೋಗರೆದರೂ ಯಾರೂ ಕೇಳಲಿಲ್ಲ. ಎಲ್ಲರೂ ಆಫೀಸಿನ ಕಂಪ್ಯೂಟರುಗಳಿಂದಲೇ ಬರೆದರು. ಸಂಪಾದಕ ಮತ್ತೆ ಬಂದ: ‘ಈ ಖಾತೆಗಳೆಲ್ಲ ಒಂದೇ ಜಾಗದಿಂದ ಬಂದಿವೆ. ಇವರೆಲ್ಲ ಒಬ್ಬರೇ ಎಂದು ಕಾಣುತ್ತದೆ.’

“ನಾನೂ ಇವನೂ ಒಬ್ರೇನಾ?” ದಪ್ಪಣ್ಣ ಟೈಪಿಸ್ಟನ ಸಣಕಲು ಭುಜ ಹಿಡಿದು ಅಲ್ಲಾಡಿಸಿದ. “ಅವನಿಗೆ ಕಣ್ಣಿದೆಯಾ?”

ಕಿಟಕಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಟೈಪಿಸ್ಟ ಮುಳುಗುವವನ ಧೈರ್ಯದಲ್ಲಿ ಕೊನೆಯದಾಗಿ ಬರೆದ: ‘ಆ ಚಿಲಕದವರಿಗೆ ಮಾತ್ರ ಯಾವ ಆಧಾರವಿದೆ? ಅವರ ಲೇಖನ ಇರಬಹುದಾದರೆ ನಮ್ಮ ಯಜಮಾನರದ್ದೇಕೆ ಬೇಡ?’

‘ನೀವು ಹೇಳಿದ್ದು ನ್ಯಾಯ’ ಎಂದ ಸಂಪಾದಕ, ಎರಡನ್ನೂ ಅಳಿಸಿಬಿಟ್ಟ. ಜೊತೆಗೆ ಟೈಪಿಸ್ಟನ ಖಾತೆಯನ್ನೂ ಮುಚ್ಚಿದ.

ಟೈಪಿಸ್ಟ ಗೋಡೆ ಹಿಡಿದುಕೊಂಡೇ ಯಜಮಾನರ ಕೋಣೆಗೆ ಹೋಗಿ ನಡೆದದ್ದನ್ನು ತೊದಲಿದ. ಯಜಮಾನರು ಮೇಜು ಗುದ್ದಿ ನಕ್ಕರು.

“ಅವನದೂ ಹೋಯ್ತಾ? ಭಲೇ! ನನ್ನದು ಇಲ್ದಿದ್ರೂ ಪರವಾಗಿಲ್ಲ ಕಣಯ್ಯ. ನಿನ್ನ ಕೆಲಸ ಗಟ್ಟಿ!”

ಟೈಪಿಸ್ಟನಿಗೆ ಹೋದ ಜೀವ ಬಂದಂತಾಯಿತು. ಅದೇ ಗಳಿಗೆಗೆ ಯಜಮಾನರ ಹೆಂಡತಿ ಬಿರುಗಾಳಿಯಂತೆ ಒಳಗೆ ಬಂದರು.

“ರೀ! ನನ್ನ ತಮ್ಮನ ಲೇಖನ ಕಾಣ್ತಿಲ್ಲ! ತಿಂಗಳುಗಟ್ಟಲೆ ಕೂತು ಬರೆದೋಳು ನಾನು. ಯಾರ್ರೀ ಅಳಿಸಿದ್ದು?”

ಯಜಮಾನರ ಬೆರಳು ತಾನಾಗಿ ಟೈಪಿಸ್ಟನ ಕಡೆ ತಿರುಗಿತು.

“ಇವನೇ ಅಳಿಸಿದ್ದು. ಬೇಡ ಬೇಡ ಅಂತ ಬಡ್ಕೊಂಡೆ.” ನಂತರ ದನಿ ಏರಿಸಿದರು: “ನಾಳೆಯೊಳಗೆ ಆ ಲೇಖನ ವಾಪಸ್ ಬರ್ಬೇಕು. ಬರ್ಲಿಲ್ವೋ, ನಿನ್ನ ಕೆಲಸ ಹೋಯ್ತು!”

ಅಮ್ಮಾವ್ರು ಸಮಾಧಾನವಾಗಿ ಹೊರಟರು. ಅವರು ಹೊಸ್ತಿಲು ದಾಟಿದ್ದೇ ಯಜಮಾನರು ಟೈಪಿಸ್ಟನ ಕಿವಿಯ ಹತ್ತಿರ ಬಗ್ಗಿದರು.

“ಬಂತೋ, ಆಗ್ಲೂ ನಿನ್ನ ಕೆಲಸ ಹೋಯ್ತು.”