ಹತ್ತೊಂಬತ್ತು ಮನೆಯ ಕಂಪ್ಯೂಟರ್

ತೊಮಿನಾಗ ಶುಜಿಯ ಕಷ್ಟಕ್ಕೆಲ್ಲ ಮೂಲ, ಒಂದು ಸಂಜೆ ಅವನು ಒನುಕಿ ಅಜ್ಜಿಯ ಮೊಬೈಲಿನ ಗುಂಡಿಯೊಂದನ್ನು ಒತ್ತಿದ್ದು.

ಬೀದಿ ಸಂಘದ ಸಭೆ ನಡೆದಿತ್ತು. ಮೂರು ತಿಂಗಳಿಂದ ಮೊಬೈಲು ಸದ್ದೇ ಮಾಡುತ್ತಿಲ್ಲ, ತಾನು ಸತ್ತೇಹೋದೆನೆಂದು ಮಗಳು ತಿಳಿದಿರಬೇಕು ಎಂದು ಅಜ್ಜಿ ಅಲವತ್ತುಕೊಳ್ಳುತ್ತಿದ್ದರು. ಪಕ್ಕದಲ್ಲೇ ಕೂತಿದ್ದ ತೊಮಿನಾಗ ಕೈಚಾಚಿ ಬದಿಯ ಗುಂಡಿ ಒತ್ತಿದ. ಮೊಬೈಲು ಕೋಳಿಯಂತೆ ಕೂಗಿತು. ಹತ್ತೊಂಬತ್ತು ಮನೆಯ ಆ ಬೀದಿಯವರೆಲ್ಲ ಒಟ್ಟಿಗೆ ಅವನತ್ತ ತಿರುಗಿ ನೋಡಿದರು.

"ತೊಮಿನಾಗ-ಸಾನ್‌ಗೆ ಯಂತ್ರದ ವಿಷಯ ಗೊತ್ತು!" ಎಂದರು ಅಧ್ಯಕ್ಷ ಸಾಯಿಗುಸ. ಎಂಬತ್ತೊಂದು ವರ್ಷದ ಅವರ ದನಿಯಲ್ಲಿ, ಮುಳುಗುವವನಿಗೆ ಮರದ ತುಂಡು ಸಿಕ್ಕಿದ ಸಂತೋಷವಿತ್ತು.

ನಿಜ ಹೇಳಬೇಕೆಂದರೆ ತೊಮಿನಾಗ ಛತ್ರಿ ಕಾರ್ಖಾನೆಯಲ್ಲಿ ಛತ್ರಿ ಬಿಚ್ಚಿ, ಮುಚ್ಚಿ, 'ಸರಿಯಿದೆ' ಎಂದು ಚೀಟಿ ಅಂಟಿಸುವ ಮನುಷ್ಯ. ಆದರೆ ಸಂಘದ ಕಂಪ್ಯೂಟರು ಹಿಂದಿನ ತಿಂಗಳು ಕಣ್ಣುಮುಚ್ಚಿತ್ತು. ಕಸ ಹಾಕುವ ದಿನ, ಚರಂಡಿ ತೊಳೆಯುವ ದಿನ, ಬೇಸಿಗೆಯ ಬೀದಿ ಕುಣಿತದ ದಿನ ಎಲ್ಲವನ್ನೂ ಅಧ್ಯಕ್ಷರು ನಡುಗುವ ಕೈಯಲ್ಲೇ ಬರೆಯಬೇಕಾಗಿತ್ತು. ಮುಂದಿನ ಅಧ್ಯಕ್ಷನಿಗಾದರೂ ಆ ಕಷ್ಟ ಬೇಡವೆಂದು ಅವರು ತೊಮಿನಾಗನ ತೋಳು ಹಿಡಿದು ಮೂಲೆಗೆ ಕರೆದೊಯ್ದರು.

"ಮಾರ್ಚ್ ಕೊನೇ ಭಾನುವಾರ ಸಂಜೆ ಐದಕ್ಕೆ ಮಹಾಸಭೆ. ಅಷ್ಟರೊಳಗೆ ಹೊಸ ಕಂಪ್ಯೂಟರ್ ಓಡಿಸಿಕೊಡಿ. ಮುಂದಿನ ಅಧ್ಯಕ್ಷರನ್ನ ಆರಿಸೋ ಚೀಟೀಲಿ ಹತ್ತು ವರ್ಷ ನಿಮ್ಮ ಹೆಸರೇ ಬರದ ಹಾಗೆ ನೋಡ್ಕೋತೀನಿ."

ತೊಮಿನಾಗನ ಎದೆ ಹಿಗ್ಗಿತು. ಅಧ್ಯಕ್ಷಗಿರಿಯೆಂದರೆ ಎರಡು ವರ್ಷದ ಭಾನುವಾರಗಳನ್ನು ಹೊಳೆಗೆ ಹಾಕಿದಂತೆ. ಬಲೆ ಹೊದಿಸಿದ ಕಸದ ರಾಶಿಯನ್ನು ಕಾಗೆಗಳಿಂದ ಕಾಯಬೇಕು, ಡಿಸೆಂಬರಿನ ಚಳಿಯಲ್ಲಿ ಮರದ ತುಂಡುಗಳನ್ನು ಟಕಟಕ ಬಡಿಯುತ್ತ "ಬೆಂಕಿ ಜೋಪಾನ!" ಎಂದು ಬೀದಿ ಸುತ್ತಬೇಕು. ಅವನಿಗೋ ಭಾನುವಾರವೆಂದರೆ ರೈಲು ನಿಲ್ದಾಣದ ಹಿಂದಿನ ಮೀನುಕೊಳ. ಗಾಳ ಹಾಕಿ ಕೂತರೆ ಮೂರು ಗಂಟೆ ಯಾರೂ ಮಾತನಾಡಿಸುವುದಿಲ್ಲ. ಜಗತ್ತಿನಲ್ಲಿ ಅವನಿಗೆ ಬೇಕಾಗಿದ್ದುದು ಅಷ್ಟೇ.

"ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದಳು ಹೆಂಡತಿ ಚಿಜುಏ. "ಬಚ್ಚಲಮನೆ ದೀಪ ಹೋಗಿ ಎರಡು ತಿಂಗಳಾಯ್ತು. ಕತ್ತಲಲ್ಲೇ ಸ್ನಾನ ಮಾಡ್ತಿದೀನಿ."

"ಹತ್ತು ವರ್ಷ ಚಿಜುಏ, ಹತ್ತು ವರ್ಷ!" ಎಂದ ತೊಮಿನಾಗ.

ಊಟದ ಬಿಡುವಿನಲ್ಲಿ ಪುಸ್ತಕ ಓದಿ, ಇಂಟರ್‌ನೆಟ್ ನೋಡಿ, ಬಿಡಿಭಾಗಗಳ ಪಟ್ಟಿಯೊಂದನ್ನು ಅವನು ಸಿದ್ಧಮಾಡಿದ. ಚಿಕ್ಕ ಪೆಟ್ಟಿಗೆ, ಸಾಧಾರಣ ಪ್ರೊಸೆಸರ್, ಬೇಕಾದಷ್ಟೇ ಮೆಮೊರಿ. ಗುಟ್ಟಾಗಿ ಕೊಂಡು ತಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬೀದಿಯ ಹೆಸರಿನಲ್ಲಿ ಕೊಳ್ಳುವ ವಸ್ತುವನ್ನು ಬೀದಿಗೆ ತಿಳಿಸದೆ ಕೊಳ್ಳುವುದೆ? ಪಟ್ಟಿಯನ್ನು ಅವನು ಸುತ್ತೋಲೆಯ ಹಲಗೆಗೆ ಸಿಕ್ಕಿಸಿದ. ಈ ಹಲಗೆ ಮನೆಯಿಂದ ಮನೆಗೆ ಹೋಗುತ್ತದೆ. ಓದಿದವರು ಮನೆಯ ಮುದ್ರೆ ಒತ್ತಿ ಪಕ್ಕದ ಮನೆಗೆ ದಾಟಿಸುತ್ತಾರೆ. ಯಾರೂ ಏನೂ ಬರೆಯುವುದಿಲ್ಲ. ಆದರೆ ಈ ಪುಣ್ಯಾತ್ಮ ಮರ್ಯಾದೆಗೆಂದು ಪಟ್ಟಿಯ ಕೆಳಗೆ ಒಂದು ಸಾಲು ಸೇರಿಸಿದ: 'ಅಭಿಪ್ರಾಯಗಳಿದ್ದಲ್ಲಿ ದಯವಿಟ್ಟು ತಿಳಿಸಿ.' ಇರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ.

ಮಹಾಸಭೆಯ ಆ ಕೊನೆಯ ಭಾನುವಾರ ಬೆಳಿಗ್ಗೆ ಏಳಕ್ಕೆ ಹಲಗೆ ವಾಪಸು ಬಂತು. ಹೋಗುವಾಗ ಒಂದು ಹಾಳೆಯಿತ್ತು, ಬರುವಾಗ ಹನ್ನೊಂದಾಗಿದ್ದವು. ಮೊದಲ ಮನೆಯವರು ವಿನಯದಿಂದ ಒಂದು ಸಣ್ಣ ಅಭಿಪ್ರಾಯ ಬರೆದಿದ್ದರು. ಅವರು ಬರೆದಿರುವಾಗ ತಾವು ಬರಿ ಮುದ್ರೆ ಒತ್ತಿದರೆ ಉದಾಸೀನವೆಂದಾಗುತ್ತದೆಂದು ಎರಡನೆಯವರು ಎರಡು ಬರೆದಿದ್ದರು.

ಒನುಕಿ ಅಜ್ಜಿಯ ಮಲಗುವ ಕೋಣೆಗೂ ಸಂಘದ ಕೊಠಡಿಗೂ ಒಂದೇ ಗೋಡೆ. ಆದ್ದರಿಂದ ಯಂತ್ರ ಸದ್ದು ಮಾಡಕೂಡದು. ಲಿಫ್ಟ್ ರಿಪೇರಿಯಿಂದ ನಿವೃತ್ತರಾದ ಕುಜಿರಾಯಿಯವರ ಬೀರುವಿನಲ್ಲಿ ಸಂಘದ ಮೂವತ್ತು ವರ್ಷದ ಸದಸ್ಯರ ಪಟ್ಟಿ ಫ್ಲಾಪಿಗಳಲ್ಲಿತ್ತು. ಆದ್ದರಿಂದ ಫ್ಲಾಪಿ ಓದಬೇಕು. ಒಬ್ಬರಿಗೆ ಹಿರಿಯರ ದಿನದಂದು ಹಾಡಲು ಡಿವಿಡಿ ಬೇಕಿತ್ತು. ಹನ್ನೊಂದನೇ ಮನೆಯವರು, ಭೂಕಂಪವಾದರೆ ಉರುಳಿ ಬೀಳದಷ್ಟು ಭಾರವಿರಲಿ ಎಂದಿದ್ದರು. ಹದಿನಾಲ್ಕನೆಯವರು, ಭೂಕಂಪವಾದರೆ ವಯಸ್ಸಾದವರೂ ಎತ್ತಿಕೊಂಡು ಓಡುವಷ್ಟು ಹಗುರವಿರಲಿ ಎಂದಿದ್ದರು. ಯಾವ ವಿಂಡೋಸ್ ಎಂಬ ವಿಷಯಕ್ಕಂತೂ ಬೀದಿ ಎರಡು ಹೋಳಾಗಿತ್ತು: ಎಡಗಡೆ ಸಾಲಿನ ಮನೆಗಳಿಗೆ ಸತ್ತ ಕಂಪ್ಯೂಟರಿನಲ್ಲಿದ್ದ ಹಳೆಯದೇ ಬೇಕು, ಬಲಗಡೆಯವರಿಗೆ ಹೊಚ್ಚಹೊಸದು ಬೇಕು.

"ಒಂದೆರಡು ಬಿಟ್ಟುಬಿಡಿ," ಎಂದಳು ಚಿಜುಏ.

"ಯಾರದ್ದು ಬಿಡ್ಲಿ? ಏಳನೇ ಮನೇದು ಬಿಟ್ಟು ಎಂಟನೇ ಮನೇದು ಇಟ್ಕೊಂಡ್ರೆ, ನಾಳೆಯಿಂದ ಏಳನೇ ಮನೆಯವರ ಮುಖ ಹೇಗೆ ನೋಡೋದು?"

ಚಿಜುಏ ಹಾಳೆಗಳನ್ನು ಮಡಚಿ ಅವನ ಜೇಬಿಗಿಟ್ಟಳು. ಏಳನೇ ಮನೆಯವರು ಪ್ರತಿವರ್ಷ ಮೂಲಂಗಿ ಉಪ್ಪಿನಕಾಯಿ ಕೊಡುತ್ತಿದ್ದರು.

ಹತ್ತು ಗಂಟೆಗೆ ಅವನು ಕಂಪ್ಯೂಟರ್ ಅಂಗಡಿಗಳ ಪೇಟೆಯಾದ ಅಕಿಹಬರಕ್ಕೆ ಹೊರಟಾಗ, ಅಜ್ಜಿಯೂ ಕುಜಿರಾಯಿಯೂ ಬೀದಿಯ ಪರವಾಗಿ ಜೊತೆಗೆ ಹೊರಟು ನಿಂತಿದ್ದರು. ಅಜ್ಜಿ ಸದ್ದು ಪರೀಕ್ಷಿಸಲು, ಕುಜಿರಾಯಿ ಮೋಸಹೋಗದಂತೆ ನೋಡಿಕೊಳ್ಳಲು. ರೈಲಿನಲ್ಲಿ ಅಜ್ಜಿ ಮೂವರಿಗೂ ಕಿತ್ತಳೆ ಸುಲಿದು ಹಂಚಿದರು.

ಬಿಡಿಭಾಗಗಳ ಅಂಗಡಿಯಲ್ಲಿ ಕಡ್ಡಿಯಂತಿದ್ದ ಮಾರಾಟಗಾರ ಹನ್ನೊಂದು ಹಾಳೆಯನ್ನೂ ನಿಧಾನವಾಗಿ ಓದಿದ.

"ಇದು ಯಾವ ಕೆಲಸಕ್ಕೆ ಅಂತ ಕೇಳ್ಬಹುದಾ?"

"ನೋಟೀಸ್ ಬರೆಯೋದಕ್ಕೆ," ಎಂದ ತೊಮಿನಾಗ ನೆಲ ನೋಡುತ್ತ.

"ಓಹೋ," ಎಂದ ಮಾರಾಟಗಾರ, ಇನ್ನೊಮ್ಮೆ ಓದಿದ.

ಅಜ್ಜಿ ಒಂದೊಂದು ಫ್ಯಾನನ್ನೂ ಕಿವಿಗೆ ಹಿಡಿದು ನೋಡಿ, ಕೊನೆಗೆ ತಟ್ಟೆಯಗಲದ್ದೊಂದನ್ನು ಒಪ್ಪಿದರು. ಅದು ಹಿಡಿಸಬೇಕಾದರೆ ದೊಡ್ಡ ಪೆಟ್ಟಿಗೆ ಬೇಕು. ಕುಜಿರಾಯಿ ದಪ್ಪ ಕಬ್ಬಿಣದ್ದನ್ನೇ ಆರಿಸಿ, "ಹನ್ನೊಂದನೇ ಮನೇದು ಮುಗೀತು," ಎಂದರು. "ಇದರ ಕೆಳಗೆ ನಾಲ್ಕು ಚಕ್ರ ಹಾಕಿಬಿಡಿ. ಎತ್ತೋದ್ಯಾಕೆ, ತಳ್ಕೊಂಡು ಓಡ್ಲಿ. ಹದಿನಾಲ್ಕನೇ ಮನೇದೂ ಮುಗೀತು."

"ಭೂಕಂಪ ಆದ್ರೆ ಚಕ್ರ ಇರೋದು ತಾನೇ ಓಡಿಹೋಗಲ್ವಾ?" ಎಂದ ತೊಮಿನಾಗ.

"ಆ ಅಭಿಪ್ರಾಯ ಯಾರೂ ಬರೆದಿಲ್ಲವಲ್ಲ!" ಎಂದರು ಕುಜಿರಾಯಿ.

ಎಲ್ಲ ಸೇರಿದ ಮೇಲೆ ಮಾರಾಟಗಾರ ಕೆಮ್ಮಿದ. "ಇನ್ನು ಹೊಂದಾಣಿಕೆ ಗ್ಯಾರಂಟಿ. ಎರಡು ಭಾಗ ಬೇರೆ ಬೇರೆಯಾಗಿ ಚೆನ್ನಾಗೇ ಇರ್ತವೆ, ಆದ್ರೆ ಒಟ್ಟಿಗೆ ಇಟ್ರೆ ಯಾಕೋ ಆಗಿಬರಲ್ಲ. ಯಾರದ್ದೂ ತಪ್ಪಿಲ್ಲ. ಸ್ವಲ್ಪ ಹೆಚ್ಚಿಗೆ ಕೊಟ್ರೆ, ಒಂದು ತಿಂಗಳೊಳಗೆ ತಂದ್ರೆ ಬೇರೆ ಕೊಡ್ತೀವಿ."

ಅಜ್ಜಿ ದೊಡ್ಡ ನಿಟ್ಟುಸಿರು ಬಿಟ್ಟರು. "ನಮ್ಮ ಕಾಲದಲ್ಲಿ ಇಂಥದ್ದು ಇದ್ದಿದ್ರೆ! ನಲವತ್ತಾರು ವರ್ಷ ಇಟ್ಕೊಂಡೆ ಕಣಪ್ಪ, ಆ ಮನುಷ್ಯನ್ನ."

ಗ್ಯಾರಂಟಿ ಕೊಂಡ ಮೇಲೆ ಸಂಘದ ದುಡ್ಡು ಮುಗಿಯುತ್ತ ಬಂದಿತ್ತು, ಆಪರೇಟಿಂಗ್ ಸಿಸ್ಟಮ್ ಇನ್ನೂ ಬಾಕಿಯಿತ್ತು. ಹಳೆಯ ವಿಂಡೋಸ್ ಈಗ ಸಿಗುವುದಿಲ್ಲ. ಹೊಸದನ್ನು ತಂದರೆ ಎಡಸಾಲಿನ ಮನೆಗಳಿಗೆ ಸೋಲು. ತೊಮಿನಾಗ ಅಲ್ಲೇ ಬೆವರಿದ. ಮಾರಾಟಗಾರ ಕಪಾಟಿನಿಂದ ಪೆಂಗ್ವಿನ್ ಚಿತ್ರದ ಪುಸ್ತಕವೊಂದನ್ನು ತೆಗೆದ.

"ಲಿನಕ್ಸ್, ವಿಂಡೋಸ್ ಬದಲಿಗೆ. ಪುಸ್ತಕದ ಬೆಲೆ ಕೊಟ್ರೆ ಸಾಕು, ಡಿಸ್ಕ್ ಒಳಗೇ ಇದೆ."

"ಇದನ್ನ ಯಾವ ಮನೆಯವರು ಕೇಳಿದಾರೆ?" ಎಂದರು ಕುಜಿರಾಯಿ ಹಾಳೆ ತಿರುವುತ್ತ.

"ಯಾರೂ ಕೇಳಿಲ್ಲ," ಎಂದ ತೊಮಿನಾಗ. ಹೇಳುತ್ತಿದ್ದಂತೆ ಅವನ ಮುಖ ಅರಳಿತು. "ಯಾರೂ ಕೇಳೇ ಇಲ್ಲ! ಹಾಗಾದ್ರೆ ಯಾರೂ ಗೆಲ್ಲಲ್ಲ, ಯಾರೂ ಸೋಲಲ್ಲ!"

ಇಷ್ಟು ಜಾಣತನ ಅವನಿಗೆ ಜೀವಮಾನದಲ್ಲಿ ಹೊಳೆದಿರಲಿಲ್ಲ. ಮೂವರೂ ಪುಸ್ತಕಕ್ಕೆ ತಲೆಬಾಗಿದರು.

ಎರಡು ಗಂಟೆಗೆ ಸಂಘದ ಕೊಠಡಿಯ ಚಾಪೆಯ ಮೇಲೆ ಜೋಡಣೆ ಶುರುವಾಯಿತು. ಬಾಗಿಲಲ್ಲಿ ಚಪ್ಪಲಿಗಳು ಹೆಚ್ಚುತ್ತ ಹೋದವು. ಬಂದವರು ಅಕ್ಕಿಯ ಬಿಸ್ಕತ್ತು ತಂದರು, ಚಹಾ ಕುಡಿದರು, ಸುತ್ತ ಕೂತು ಸಲಹೆ ಕೊಟ್ಟರು. ತೊಮಿನಾಗ ಮಂಡಿಯೂರಿ ಒಂದೊಂದೇ ತಂತಿ ಸಿಕ್ಕಿಸಿದ. ಮೂರೂವರೆಗೆ ಗುಂಡಿ ಒತ್ತಿದ.

ಅಜ್ಜಿ ಪೆಟ್ಟಿಗೆಗೆ ಕಿವಿಕೊಟ್ಟು ಕಣ್ಣುಮುಚ್ಚಿದರು.

"ಸದ್ದೇ ಇಲ್ಲ!" ಅವರ ಕಣ್ಣಲ್ಲಿ ನೀರು ಬಂತು. "ತೊಮಿನಾಗ-ಸಾನ್, ತುಂಬಾ ಉಪಕಾರವಾಯ್ತು."

"ಅದು ಇನ್ನೂ ಶುರುವಾಗಿಲ್ಲ, ಒನುಕಿ-ಸಾನ್."

"ಹೀಗೇ ಇರ್ಲಿ ಬಿಡಿ," ಎಂದರು ಅಜ್ಜಿ.

ತಂತಿಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದ. ಯಂತ್ರ ಅಲುಗಲಿಲ್ಲ. ನಾಲ್ಕಾಯಿತು. ಅಧ್ಯಕ್ಷರು ಬಂದು ಗಡಿಯಾರವನ್ನೂ ಅವನನ್ನೂ ಸರದಿಯಂತೆ ನೋಡಿದರು. ನಾಲ್ಕೂಕಾಲಾಯಿತು. ತೊಮಿನಾಗನ ಕಣ್ಣಮುಂದೆ ಮೀನುಕೊಳ ಬತ್ತುತ್ತ ಬಂತು. ಅವನಿಗೆ ಅಳುವೇ ಬರುವಂತಾಯಿತು.

"ಒಂದು ಸಣ್ಣ ಅಭಿಪ್ರಾಯ," ಎಂದರು ಕುಜಿರಾಯಿ, ಹಿಂದಿನಿಂದ ಬಗ್ಗಿ. "ನಮ್ಮ ಲಿಫ್ಟಲ್ಲಾದ್ರೆ..."

ಐವತ್ತೆರಡು ವರ್ಷದಿಂದ ತುಂಬುತ್ತಿದ್ದ ಯಾವುದೋ ಕೊಡ ಅಲ್ಲಿ ಉಕ್ಕಿತು. ತೊಮಿನಾಗ ಬೈಯಲಿಲ್ಲ, ಬೈದು ಅಭ್ಯಾಸವಿರಲಿಲ್ಲ. ಪೆಟ್ಟಿಗೆಯೊಳಗೆ ಕೈಗೆ ಸಿಕ್ಕಿದ ಮೆಮೊರಿಯ ತೆಳ್ಳನೆ ತುಂಡಿನ ಮೇಲೆ ಎರಡು ಹೆಬ್ಬೆರಳಿಟ್ಟು, ಹಲ್ಲುಕಚ್ಚಿ, ಇಡೀ ಬೀದಿಯ ಗಂಟಲು ಅದುಮಿದಂತೆ ಅದುಮಿದ. ಟಕ್ ಎಂದಿತು. ಅಷ್ಟು ಹೊತ್ತೂ ಅವನು ಅದನ್ನು ಬಹಳ ಮರ್ಯಾದೆಯಿಂದ ಇಟ್ಟಿದ್ದ. ಅದು ಅರ್ಧವೇ ಕೂತಿತ್ತು.

ಗುಂಡಿ ಒತ್ತಿದರೆ ಪರದೆ ಬೆಳಗಿತು. ಬೀದಿ ಹೋ ಎಂದಿತು. ಪೆಂಗ್ವಿನ್ ಡಿಸ್ಕು ತಿರುಗಿ, ಲಿನಕ್ಸ್ ಇಳಿಯಿತು. ಪ್ರಿಂಟರು ಮಾತ್ರ ಹಟ ಹಿಡಿಯಿತು. ತೊಮಿನಾಗ ಪುಸ್ತಕದ ನಲವತ್ತೊಂದನೇ ಪುಟ ನೋಡುತ್ತ ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳನ್ನು ಸಾಲುಸಾಲಾಗಿ ಒತ್ತಿದ. ಸುತ್ತ ಕೂತವರು ಪುರೋಹಿತರ ಮಂತ್ರ ಕೇಳುವವರಂತೆ ಬೆನ್ನು ನೆಟ್ಟಗೆ ಮಾಡಿಕೊಂಡರು. ಐದಕ್ಕೆ ಮೂರು ನಿಮಿಷವಿರುವಾಗ ಪ್ರಿಂಟರು ಮಹಾಸಭೆಯ ಕಾರ್ಯಸೂಚಿಯನ್ನು ಹೊರಗೆ ಹಾಕಿತು. ಕೊನೆಯ ವಿಷಯ: ಹೊಸ ಅಧ್ಯಕ್ಷರ ಆಯ್ಕೆ, ಚೀಟಿಯ ಮೂಲಕ.

ಸಭೆ ಶುರುವಾಯಿತು. ಚಿಜುಏ ಮನೆಯ ಪರವಾಗಿ ಬಂದು ಹಿಂದಿನ ಸಾಲಿನಲ್ಲಿ ಕೂತಳು. ಸಾಯಿಗುಸ ಎದ್ದು ತೊಮಿನಾಗನಿಗೆ ತಲೆಬಾಗಿದರು.

"ತೊಮಿನಾಗ-ಸಾನ್ ಮಾತು ಉಳಿಸ್ಕೊಂಡ್ರು. ನಾನೂ ಉಳಿಸ್ಕೋತೀನಿ. ಚೀಟೀಲಿ ಹದಿನೆಂಟೇ ಹೆಸರು. ಇನ್ನು ಹತ್ತು ವರ್ಷ ಅವರ ಹೆಸರು ಬರಲ್ಲ."

ತೊಮಿನಾಗ ಕಣ್ಣುಮುಚ್ಚಿದ. ಗಾಳದ ತುದಿಯ ಬೆಂಡು ನೀರಿನ ಮೇಲೆ ತೇಲುವುದು ಕಂಡಿತು. ಎಷ್ಟೋ ದಿನಗಳ ಮೇಲೆ ಅವನಿಗೆ ಸುಖವಾಯಿತು.

"ಒಂದು ಸಣ್ಣ ಸಂಶಯ," ಎಂದು ಕುಜಿರಾಯಿ ಕೈಯೆತ್ತಿದರು. "ಚೀಟೀಲಿ ಯಾರ ಹೆಸರು ಬರುತ್ತೋ ಅವರು ಇದರಲ್ಲೇ ನೋಟೀಸ್ ಬರೀಬೇಕಲ್ವಾ?"

"ಹೌದು, ಮತ್ತೆ."

"ಆ ಕಪ್ಪು ಪರದೇಲಿ?"

ಹದಿನೆಂಟು ಮನೆಯವರು ಮೊದಲ ಸಲ ಕಂಪ್ಯೂಟರನ್ನು ನಿಜವಾಗಿ ನೋಡಿದರು. ಕಬ್ಬಿಣದ ಪೆಟ್ಟಿಗೆ ನಾಲ್ಕು ಚಕ್ರದ ಮೇಲೆ ನಿಂತು, ಸದ್ದಿಲ್ಲದೆ, ತಮ್ಮಲ್ಲಿ ಯಾರನ್ನು ಹಿಡಿಯಲೆಂದು ಯೋಚಿಸುತ್ತಿರುವಂತೆ ಕಂಡಿತು. ಹದಿನೆಂಟು ಹೆಸರು ಬರೆದು ಇನ್ನೂ ಹರಿಯದಿದ್ದ ಚೀಟಿಯ ಹಾಳೆ ಮೇಜಿನ ಮೇಲಿತ್ತು. ಅದರತ್ತ ಯಾರೂ ಕೈ ಚಾಚಲಿಲ್ಲ.

ಕೊನೆಗೆ ಒನುಕಿ ಅಜ್ಜಿ ಬಾಯಿಬಿಟ್ಟರು. "ಚೀಟಿ ಎತ್ತಿದ್ರೆ ತಾನೆ ಹೆಸರು ಬರೋ ಮಾತು? ಎತ್ತೋದೇ ಬೇಡ ಬಿಡಿ. ಹತ್ತೊಂಬತ್ತು ಮನೆ ಮಾತೂ ಕೇಳಿದವರು ಈ ಬೀದೀಲಿ ಒಬ್ರೇ ಇದ್ದಾರೆ."

ಸಾಯಿಗುಸರ ಮುಖದಲ್ಲಿ ಎಂಬತ್ತೊಂದು ವರ್ಷದ ಸುಕ್ಕೆಲ್ಲ ಸಡಿಲವಾಯಿತು. ಅವರು ಚೀಟಿಯ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. "ಚೀಟಿಯೇ ಇಲ್ಲ ಅಂದ್ಮೇಲೆ ನಾನು ಮಾತಿಗೆ ತಪ್ಪಿದ ಹಾಗೂ ಆಗಲ್ಲ. ಏನಂತೀರಿ?"

ಚಪ್ಪಾಳೆ ಬಿತ್ತು. ಎಡಸಾಲಿನವರೂ ಬಲಸಾಲಿನವರೂ ಒಂದಾಗಿ ತಟ್ಟಿ ಅವನತ್ತ ತಲೆಬಾಗಿದರು. ಆ ಬೀದಿಯಲ್ಲಿ ಅಂಥ ಒಮ್ಮತವನ್ನು ಯಾರೂ ಕಂಡಿರಲಿಲ್ಲ. ತೊಮಿನಾಗ ಬೇಡವೆನ್ನಲು ಎದ್ದ. ಆದರೆ ಅಷ್ಟು ಜನ ತನ್ನತ್ತ ತಲೆಬಾಗಿರುವಾಗ ತಾನೊಬ್ಬ ನೆಟ್ಟಗೆ ನಿಲ್ಲುವುದು ಹೇಗೆ? ಅವನೂ ಬಾಗಿದ. ಬಾಗಿದ್ದೇ ಒಪ್ಪಿಗೆಯೆಂದು ಚಪ್ಪಾಳೆ ಇಮ್ಮಡಿಯಾಯಿತು. ಬಾಗಿದಲ್ಲಿಂದಲೇ ಓರೆಗಣ್ಣಿನಲ್ಲಿ ಹಿಂದಿನ ಸಾಲು ನೋಡಿದ. ಚಿಜುಏ ಎರಡು ಕೈಯೆತ್ತಿ ತಟ್ಟುತ್ತಿದ್ದಳು.

ಮನೆಯ ದಾರಿಯಲ್ಲಿ ಮೂಲೆಯ ಅಂಗಡಿ ದಾಟಿದ ಮೇಲೆ ತೊಮಿನಾಗ ನಿಂತ.

"ಅವರು ತಟ್ಟಿದ್ರು, ಸರಿ. ನೀನ್ಯಾಕೆ ತಟ್ಟಿದೆ?"

ಚಿಜುಏ ಗಂಡನನ್ನು ಅಚ್ಚರಿಯಿಂದ ನೋಡಿದಳು.

"ಹದಿನೆಂಟು ಮನೆಯವರು ತಟ್ಟೋವಾಗ ನಮ್ಮ ಮನೇದೊಂದೇ ಬಿಟ್ರೆ," ಎಂದಳು, "ನಾಳೆಯಿಂದ ಅವರ ಮುಖ ಹೇಗೆ ನೋಡೋದು?"