ಉಮ್ಮ್ ಸಲಾಲಿನ ಸಿಂಗಾಪುರ

ಹೆಣ್ಣು ನೋಡುವುದಕ್ಕೆ ಮೊದಲು ಲೋಕ ನೋಡಬೇಕು ಎಂದು ಸೈಮನ್ ಲೋಬೋನ ತಲೆಗೆ ತುಂಬಿದವರು ಮ್ಯಾಗ್ಡಲಿನ್ ಬಾಯಿ.

ದೋಹಾದ ಮುಶೈರಿಬ್‌ನಲ್ಲಿ ಸೈಮನ್ ಇದ್ದ ಕಟ್ಟಡದ ಎರಡನೇ ಮಹಡಿಯಲ್ಲೇ ಅವರ ಮನೆ. ಆ ಕಟ್ಟಡದ ಮದುವೆಯಾಗದ ಗಂಡಸರನ್ನೆಲ್ಲ ದೇವರು ತಮ್ಮ ಸುಪರ್ದಿಗೇ ಒಪ್ಪಿಸಿದ್ದಾನೆಂದು ಅವರು ತಿಳಿದಿದ್ದರು. ಸೈಮನ್‌ಗೆ ಮೂವತ್ತೆಂಟು ವರ್ಷ. ಏರ್ ಕಂಡೀಷನರ್ ಬಿಡಿಭಾಗಗಳ ಕಂಪನಿಯೊಂದರಲ್ಲಿ ಸ್ಟೋರ್ ಕ್ಲರ್ಕ್. ಹನ್ನೊಂದು ವರ್ಷದಿಂದ ರೂಮಿನಿಂದ ಆಫೀಸು, ಆಫೀಸಿನಿಂದ ರೂಮು. ಎರಡು ವರ್ಷಕ್ಕೊಮ್ಮೆ ಬೊಂಬಾಯಿ ದಾರಿಯಾಗಿ ಹುಟ್ಟೂರು ಶಿರ್ವ, ಶಿರ್ವದಿಂದ ಬೊಂಬಾಯಿ ದಾರಿಯಾಗಿ ದೋಹಾ. ಗಾಣದ ಎತ್ತಾದರೂ ಒಮ್ಮೊಮ್ಮೆ ನಿಂತು ಅತ್ತಿತ್ತ ನೋಡುತ್ತದೆ.

"ಲೀನಾ ನಾಲ್ಕು ಊರು ಕಂಡ ಹುಡುಗಿ ಮಾರಾಯ," ಎಂದರು ಮ್ಯಾಗ್ಡಲಿನ್ ಬಾಯಿ. "ಬೊಂಬಾಯಿ, ಬಹರೈನ್, ಈಗ ಇಲ್ಲಿ. ದೊಡ್ಡ ಆಫೀಸಿನಲ್ಲಿ ಸೆಕ್ರೆಟರಿ. ನಿನ್ನ ಬಗ್ಗೆ ಅವಳ ಹತ್ರ ಎಂತ ಹೇಳುದು ನಾನು? ಕಾರ್ನಿಶ್‌ನಲ್ಲಿ ಸಮುದ್ರದ ಬದಿ ಕೂತು ಕಡ್ಲೆ ತಿಂದಿದ್ದಾನೆ ಅಂತ ಹೇಳುದಾ?"

ಮಾತು ಮೀನಿನ ಮುಳ್ಳಿನಂತೆ ಸೈಮನ್ನ ಗಂಟಲಿಗೆ ಚುಚ್ಚಿಕೊಂಡಿತು. ಅವನ ಆಫೀಸಿನಲ್ಲಿ ಮೈಸೂರಿನ ಸಂಜಯ್ ರಾವ್ ಎಂಬ ಇಂಜಿನಿಯರ್ ಇದ್ದರು. "ನಾನು ಸಿಂಗಾಪುರದಲ್ಲಿದ್ದಾಗ" ಎಂದು ಶುರುಮಾಡದೆ ಅವರು ಪೆನ್ಸಿಲನ್ನೂ ಕೇಳುತ್ತಿರಲಿಲ್ಲ. ಅವರು ಹೋಗಿ ಬಂದ ಕಡೆಗೆ ತಾನೂ ಹೋದರೆ ಏನಾಯಿತು? ಏಳು ದಿನ ರಜೆ, ಸಿಂಗಾಪುರ, ಅದೂ ಒಬ್ಬನೇ ಎಂದು ಸೈಮನ್ ಮ್ಯಾಗ್ಡಲಿನ್ ಬಾಯಿಗೆ ಹೇಳಿದ. ಅವರಿಗೆ ಹೇಳಿದ ಮೇಲೆ ಬೇರೆ ಯಾರಿಗೂ ಹೇಳುವ ಅಗತ್ಯ ಬೀಳಲಿಲ್ಲ.

"ಒಬ್ಬನೇಯಾ?" ಎಂದು ಅವನ ರೂಮಿನ ಜೊತೆಗಾರ ಗೇಬ್ರಿಯಲ್ ಬೆರಗಾದ. ಪಕ್ಕದ ಬೀದಿಯ ಕ್ಷೌರದಂಗಡಿಗೆ ಹೋಗುವಾಗಲೂ ಗೇಬ್ರಿಯಲ್‌ಗೆ ಒಬ್ಬರು ಜೊತೆ ಬೇಕು.

ಹೊರಡುವ ದಿನ ಇಡೀ ಕಟ್ಟಡ ಮೆಟ್ಟಿಲಿಳಿದು ಬಂದು ಅವನನ್ನು ಬೀಳ್ಕೊಟ್ಟಿತು. ಬರುವಾಗ ಒಬ್ಬರಿಗೆ ನೋವಿನ ಮುಲಾಮು ಬೇಕು, ಒಬ್ಬರಿಗೆ ಬೀಸಣಿಗೆ, ಒಬ್ಬರಿಗೆ ಮಡಚುವ ಛತ್ರಿ. ಹೊಸ ಸೂಟಿನಲ್ಲಿ ಬೆವರುತ್ತ ಸೈಮನ್ ಏರ್‌ಪೋರ್ಟಿನ ಕೊನೆಯ ಕೌಂಟರ್ ತಲುಪಿದಾಗ ಅಲ್ಲಿನ ಅಧಿಕಾರಿ ಪಾಸ್‌ಪೋರ್ಟನ್ನು ಹಿಂದೆ ಮುಂದೆ ತಿರುವಿ ಕೈ ಚಾಚಿದ.

"ಖುರೂಜ್?"

ಖುರೂಜ್ ಎಂದರೆ ದೇಶ ಬಿಟ್ಟು ಹೋಗಲು ಧಣಿ ಸಹಿ ಹಾಕಿ ಕೊಡುವ ಚೀಟಿ. ಅದಿಲ್ಲದೆ ಹೊರಗೆ ಹಾರುವ ಹಕ್ಕು ನೊಣಕ್ಕೆ ಮಾತ್ರ. ಆಫೀಸಿನಲ್ಲಿ ಪಾಸ್‌ಪೋರ್ಟುಗಳ ಕೆಲಸ ನೋಡುತ್ತಿದ್ದ ಯೂಸುಫ್ ಆ ಸಹಿ ಹಾಕಿಸುವುದನ್ನೇ ಮರೆತಿದ್ದ. ಧಣಿ ಗಿಡುಗ ಹಿಡಿದುಕೊಂಡು ಮರುಭೂಮಿಗೆ ಬೇಟೆಗೆ ಹೋಗಿದ್ದರು. ಫೋನಿನಲ್ಲಿ ಯೂಸುಫ್, "ಬುಕ್ರಾ ಸೈಮನ್, ಬುಕ್ರಾ," ಎಂದ. ಬುಕ್ರಾ ಎಂದರೆ ನಾಳೆ. ಆಫೀಸುಗಳಲ್ಲಿ ಮಾತ್ರ ಅದಕ್ಕೆ ಇನ್ನು ಕೇಳಬೇಡ ಎಂದು ಅರ್ಥ. "ಯಾರ ಹತ್ತಿರವೂ ಬಾಯಿ ಬಿಡಬೇಡ, ನನ್ನ ಕೆಲಸ ಹೋಗುತ್ತದೆ. ಫೈಲಿನಲ್ಲಿ ನೀನು ಹೋಗಿಬಂದೆ ಅಂತಲೇ ಬರೆಯುತ್ತೇನೆ," ಎಂದು ಹಿಂದಿಯಲ್ಲಿ ಗೋಗರೆದು, ಆಗಲೇ ಡ್ರೈವರನನ್ನು ಕಳಿಸಿ ಪಾಸ್‌ಪೋರ್ಟನ್ನು ವಾಪಸು ತರಿಸಿಕೊಂಡ.

ಹಾಗೆಯೇ ಮನೆಗೆ ಮರಳಿ ಮೆಟ್ಟಿಲು ಹತ್ತುವುದಕ್ಕಿಂತ ಸೂಟಿನ ಸಮೇತ ಸಮುದ್ರಕ್ಕೆ ಹಾರುವುದು ಮೇಲೆನಿಸಿತು ಸೈಮನ್‌ಗೆ. ಕೊನೆಗೆ ಅವನು ಫೋನ್ ಮಾಡಿದ್ದು ಪಕೀರಬ್ಬನಿಗೆ. ಉಳ್ಳಾಲದ ಪಕೀರಬ್ಬ ದೋಹಾದ ಹೊರಗೆ ಉಮ್ಮ್ ಸಲಾಲಿನಲ್ಲಿ ಒಂದು ದೊಡ್ಡ ಮನೆಯ ಅಡುಗೆಯವನು, ಮೀನು ಮಾರ್ಕೆಟ್ಟಿನಲ್ಲಿ ಆದ ಪರಿಚಯ. ಧಣಿಯ ವ್ಯಾನಿನಲ್ಲಿ ಬಂದವನು ಒಂದೂ ಪ್ರಶ್ನೆ ಕೇಳದೆ ಪೆಟ್ಟಿಗೆ ಎತ್ತಿ ಹಾಕಿಕೊಂಡ.

ಏಳು ದಿನ ಸೈಮನ್ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ, ಆಡಿನ ಕೊಟ್ಟಿಗೆಯ ಪಕ್ಕ ಕಾಲ ಕಳೆದ. ಅದೃಷ್ಟಕ್ಕೆ ಪಕೀರಬ್ಬ ಹಿಂದೆ ಹಡಗಿನಲ್ಲಿ ಅಡುಗೆಗಿದ್ದವನು. ಹಡಗು ರಿಪೇರಿಗೆ ನಿಂತಾಗ ಮೂರು ವಾರ ಸಿಂಗಾಪುರದಲ್ಲಿ ತಿರುಗಿದ್ದ. "ಬರ್ಕೊಳ್ಳಿ ಪೊರ್ಬುಗಳೇ," ಎಂದು, ಊರಿನಲ್ಲಿ ಕ್ರಿಸ್ತಾನರನ್ನು ಕರೆಯುವಂತೆಯೇ ಅವನನ್ನು ಕರೆದು, ಈರುಳ್ಳಿ ಹೆಚ್ಚುತ್ತ ಪಾಠ ಹೇಳಿದ. "ಮೊದಲನೇ ದಿನ ಹೊಳೆಬದಿ. ಹೊಳೆ ತುಂಬ ದೋಣಿ, ನೀರೇ ಕಾಣುದಿಲ್ಲ. ಎರಡನೇ ದಿನ ಚೀನಾದವರ ಬೀದಿ." ಸೈಮನ್ ಎಲ್ಲವನ್ನೂ ಜಪಮಾಲೆಯ ಪ್ರಾರ್ಥನೆಯಂತೆ ಬಾಯಿಪಾಠ ಮಾಡಿದ. ಪಕೀರಬ್ಬ ಇದನ್ನೆಲ್ಲ ಕಂಡದ್ದು ಅರವತ್ತೊಂಬತ್ತರಲ್ಲಿ, ಈಗ ತೊಂಬತ್ತಾರು ನಡೆಯುತ್ತಿದೆ ಎಂಬ ಲೆಕ್ಕವನ್ನು ಇಬ್ಬರೂ ಹಾಕಲಿಲ್ಲ.

ಶುಕ್ರವಾರ ಬೆಳಿಗ್ಗೆ ಸೈಮನ್ 'ಬಂದಿಳಿದ'. ಮಧ್ಯಾಹ್ನ ಮ್ಯಾಗ್ಡಲಿನ್ ಬಾಯಿಯ ಮನೆಯಲ್ಲಿ ಹಬೆಯಲ್ಲಿ ಬೆಂದ ಸನ್ನ, ಕೋಳಿ ಸಾರು ಮತ್ತು ಲೀನಾ. ಸಂಜಯ್ ರಾವ್ ಅವರನ್ನೂ ಕರೆದಿದ್ದರಿಂದ ಮಾತೆಲ್ಲ ಕೊಂಕಣಿ ಬಿಟ್ಟು ಕನ್ನಡದಲ್ಲಿ ನಡೆಯಿತು. ಸೋಫಾದ ತುದಿಯಲ್ಲಿ ಕೂತಿದ್ದ ಲೀನಾ ಹೆಚ್ಚು ಮಾತಿನವಳಲ್ಲ. ಆದರೆ ಅವಳ ಕಣ್ಣು ಟೈಪಾದ ಕಾಗದದಲ್ಲಿ ತಪ್ಪು ಹುಡುಕುವವರ ಕಣ್ಣು. ಅದು ತನ್ನ ಮೇಲೆ ಬಿದ್ದಾಗ ಸೈಮನ್‌ಗೆ ಕಾಲರ್ ಬಿಗಿಯಾಯಿತು, ಹಾಗೇ ಎದೆಯೊಳಗೆ ಏನೋ ಸಡಿಲವಾಯಿತು. ಇವಳು ಒಪ್ಪಿದರೆ ಸಾಕು, ಜನ್ಮದಲ್ಲಿ ಇನ್ನೊಂದು ಸುಳ್ಳು ಹೇಳುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟು, ಸುಳ್ಳು ಹೇಳಲು ಗಂಟಲು ಸರಿಮಾಡಿಕೊಂಡ.

ಮೊದಲು ಉಡುಗೊರೆಗಳು ಹೊರಬಂದವು. ಎಲ್ಲವೂ ಹಿಂದಿನ ದಿನ ಪಕೀರಬ್ಬ ದೋಹಾದ ಸೂಕ್ ಪೇಟೆಯಿಂದ ತಂದವು. ಮ್ಯಾಗ್ಡಲಿನ್ ಬಾಯಿ ಮುಲಾಮಿನ ಡಬ್ಬಿಯನ್ನು ತಲೆಕೆಳಗು ಮಾಡಿ ಕಣ್ಣು ಕಿರಿದುಗೊಳಿಸಿದರು.

"ಇದೆಂತದು? ರೇಟು ಅರಬ್ಬಿಯಲ್ಲುಂಟು?"

ಸೈಮನ್ನ ಜೀವ ಹಾರಿತು. ಆದರೆ ಸಂಜಯ್ ರಾವ್ ಸುಮ್ಮನಿರುವ ಪೈಕಿಯಲ್ಲ. "ಅಯ್ಯೋ, ಸಿಂಗಾಪುರದಲ್ಲಿ ಅರಬ್ ಸ್ಟ್ರೀಟ್ ಅಂತ ಒಂದು ರಸ್ತೆನೇ ಇದೆ ಕಣ್ರೀ. ಅಲ್ಲಿ ಕೊಂಡಿರ್ತಾರೆ. ಅಲ್ವೇನ್ರೀ ಸೈಮನ್?"

"ಅಲ್ಲೇ," ಎಂದ ಸೈಮನ್. ಕರವಸ್ತ್ರ ಒದ್ದೆಯಾಯಿತು.

ಮುಂದೆ ಹೊಳೆ, ದೋಣಿ, ಚೀನಾದವರ ಬೀದಿ, ರಸ್ತೆಯಲ್ಲೇ ಒಲೆ ಹಚ್ಚಿ ಬೇಯಿಸುವ ಶ್ಯಾವಿಗೆ, ಸೈಕಲ್ ರಿಕ್ಷಾ. ಎಲ್ಲರೂ ಸನ್ನ ಕೈಯಲ್ಲಿ ಹಿಡಿದು ತಿನ್ನುವುದನ್ನು ಮರೆತು ಕೇಳಿದರು.

"ಅಲ್ಲಿ ನೆಲದಡಿಯಲ್ಲಿ ಟ್ರೈನ್ ಉಂಟಲ್ವಾ?" ಎಂದು ಲೀನಾ ಕೇಳಿದಳು. "ನನ್ನ ಫ್ರೆಂಡ್ ದಿನಾ ಅದರಲ್ಲೇ ಆಫೀಸಿಗೆ ಹೋಗುದಂತೆ. ಕಾಗದದಲ್ಲಿ ಬರೆದಿದ್ದಾಳೆ."

ಪಕೀರಬ್ಬನ ಪಾಠದಲ್ಲಿ ಟ್ರೈನ್ ಇರಲಿಲ್ಲ. ಬಲೆಗೆ ಬಿದ್ದ ಬೂತಾಯಿ ಮೀನಿನಂತೆ ಸೈಮನ್ ಬಾಯಿ ತೆರೆದು ಮುಚ್ಚಿದ. ಆಗಲೂ ಕೈ ಹಿಡಿದದ್ದು ರಾಯರೇ. "ಅದು ಆಫೀಸ್‌ಗೆ ಹೋಗೋರಿಗಮ್ಮ. ನಮ್ಮಂಥ ಟೂರಿಸ್ಟ್‌ಗಳೆಲ್ಲ ರಿಕ್ಷಾದಲ್ಲೇ ಓಡಾಡೋದು. ನಾನೂ ಹಾಗೇ ಓಡಾಡಿದ್ದು."

ಸೈಮನ್‌ಗೆ ಒಂದು ಸಂಶಯ ಬಂತು. ಅದನ್ನು ಪರೀಕ್ಷಿಸಲು ಅವನು ಪಕೀರಬ್ಬನೂ ಕಾಣದ, ಯಾರೂ ಕಾಣದ ಒಂದು ಗಡಿಯಾರದ ಗೋಪುರವನ್ನು ಅಲ್ಲೇ ಕಟ್ಟಿ ನಿಲ್ಲಿಸಿದ. "ಅಲ್ಲಿ ಗೋಪುರದ ಮೇಲೆ ಒಂದು ಹಿತ್ತಾಳೆಯ ಹುಂಜ ಉಂಟು. ಗಂಟೆಗೊಮ್ಮೆ ರೆಕ್ಕೆ ಬಡಿದು ಕೂಗ್ತದೆ."

"ಅಬ್ಬಾ, ಆ ಹುಂಜ!" ಎಂದು ರಾಯರು ಎರಡೂ ಕಿವಿ ಮುಚ್ಚಿಕೊಂಡರು. "ನನ್ನ ಹೋಟ್ಲು ಅದರ ಎದುರಿಗೇ ಇತ್ತು ಕಣ್ರೀ. ಮೂರು ದಿನ ನಿದ್ದೆ ಮಾಡಕ್ಕೆ ಬಿಡಲಿಲ್ಲ!"

ಹತ್ತು ವರ್ಷದಿಂದ ಆಫೀಸನ್ನು ಕೊರೆದ ರಾಯರ ಸಿಂಗಾಪುರವೂ ಬರೀ ಬಾಯಿಮಾತಿನದೆಂದು ಸೈಮನ್‌ಗೆ ಆ ಕ್ಷಣದಲ್ಲಿ ತಿಳಿಯಿತು. ಇನ್ನು ಅವನಿಗೆ ಯಾರ ಭಯ? ಮೂರನೇ ದಿನ ಅವನು ಹಾವಿನ ಸೂಪು ಕುಡಿದ. ನಾಲ್ಕನೇ ದಿನ ಚೂರಿ ಹಿಡಿದ ಇಬ್ಬರನ್ನು ಬರೀ ಛತ್ರಿಯಿಂದ ಓಡಿಸಿದ. ಗೇಬ್ರಿಯಲ್ ಹೆದರಿ ಸೋಫಾದ ಮೇಲೆ ಕಾಲು ಎತ್ತಿ ಕೂತ.

"ಬೇಜಾರಾಗ್ಲಿಲ್ವಾ ಒಬ್ಬರಿಗೇ?" ಎಂದಳು ಲೀನಾ.

"ಬೇಜಾರಾ?" ಸೈಮನ್ ಕಾಲ ಮೇಲೆ ಕಾಲು ಹಾಕಿದ. "ಒಬ್ಬನೇ ತಿರುಗುವ ಗಮ್ಮತ್ತೇ ಬೇರೆ. ಯಾರಿಗೂ ಹೇಳ್ಬೇಕಂತ ಇಲ್ಲ, ಯಾರಿಗೂ ಕಾಯ್ಬೇಕಂತ ಇಲ್ಲ. ನಾಳೆ ಹೋಗು ಅಂದ್ರೆ ನಾಳೆಯೇ ಪುನಃ ಹೊರಡ್ತೇನೆ."

ಲೀನಾ ತಟ್ಟೆ ಕೆಳಗಿಟ್ಟಳು. ಮ್ಯಾಗ್ಡಲಿನ್ ಬಾಯಿ ಗೆದ್ದವರ ಮುಖ ಮಾಡಿ ಅವಳನ್ನು ಒಳಗೆ ಕರೆದೊಯ್ದರು. ಅಡುಗೆಮನೆಯಿಂದ ಹೊರಬಂದಾಗ ಅವರ ಮುಖ ನಿನ್ನೆಯ ಸನ್ನದಂತೆ ಕುಗ್ಗಿತ್ತು. ಹಿಂದೆಯೇ ಬಂದ ಲೀನಾ ನೇರವಾಗಿ ಸೈಮನ್ನ ಎದುರು ನಿಂತಳು.

"ತಪ್ಪು ತಿಳ್ಕೊಳ್ಬೇಡಿ. ನನ್ನ ಪಪ್ಪ ಹಡಗಿನಲ್ಲಿದ್ದವರು. ವರ್ಷದಲ್ಲಿ ಹತ್ತು ತಿಂಗಳು ಲೋಕ ನೋಡುದು, ಎರಡು ತಿಂಗಳು ಮನೆಯಲ್ಲಿ ಕೂತು ಅದರ ಕತೆ ಹೇಳುದು. ಕೇಳಿ ಕೇಳಿ ನನ್ನ ಮಮ್ಮಿ ಸೋತು ಹೋದ್ರು. ಒಬ್ಬರೇ ಇಷ್ಟು ಖುಷಿಯಲ್ಲಿ ತಿರುಗುವವರಿಗೆ ಹೆಂಡತಿ ಯಾಕೆ ಹೇಳಿ? ನನಗೆ ಸಂಜೆ ಐದೂವರೆಗೆ ಮನೆಗೆ ಬರುವ ಗಂಡ ಸಾಕು."

ಹನ್ನೊಂದು ವರ್ಷ ಐದೂವರೆಗೆ ಐದು ನಿಮಿಷ ತಪ್ಪದೆ ರೂಮು ಸೇರಿದ ಮನುಷ್ಯ ದಡಕ್ಕನೆ ಎದ್ದು ನಿಂತ.

"ನಾನು ಹೋಗ್ಲೇ ಇಲ್ಲ!" ಎಂದು ಕೂಗಿದ. "ಯೇಸುವಿನಾಣೆ, ನಾನು ಸಿಂಗಾಪುರಕ್ಕೆ ಹೋಗ್ಲೇ ಇಲ್ಲ! ಏಳು ದಿನವೂ ಉಮ್ಮ್ ಸಲಾಲಿನಲ್ಲಿದ್ದೆ, ಆಡಿನ ಹತ್ರ!"

ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಮ್ಯಾಗ್ಡಲಿನ್ ಬಾಯಿಯಂತೂ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹುಡುಗಿ ಕೈ ಬಿಟ್ಟಳು ಅಂತ ಎಂಥ ಕತೆ ಕಟ್ತಾನೆ ನೋಡಿ!"

"ಕತೆ ಅಲ್ಲ ಬಾಯಿ, ಖುರೂಜ್ ಸಿಗ್ಲಿಲ್ಲ, ಯೂಸುಫ್..." ಎನ್ನುವಷ್ಟರಲ್ಲಿ ಸಂಜಯ್ ರಾವ್ ಎದ್ದರು. ಈಗ ಅವರು ನಗುತ್ತಿರಲಿಲ್ಲ.

"ಹೋಗದೇ ಇದ್ರೆ ಆ ಹುಂಜದ ವಿಷಯ ನಿಮಗೆ ಹೇಗ್ರೀ ಗೊತ್ತು?"

"ಅದು ನಾನೇ ಕಟ್ಟಿದ್ದು ಸಾರ್! ಅಂಥಾ ಹುಂಜ ಇಲ್ಲ!"

"ಇಲ್ವಾ? ಹಾಗಾದ್ರೆ ನಾನು ಮೂರು ದಿನ ನಿದ್ದೆ ಕೆಟ್ಟಿದ್ದು ಸುಳ್ಳಾ?"

ಆಫೀಸಿನಲ್ಲಿ ಸೈಮನ್ನ ರಜೆ, ಬಡ್ತಿ, ಓವರ್‌ಟೈಮು ಎಲ್ಲದಕ್ಕೂ ಮೊದಲ ಸಹಿ ರಾಯರದು. ಸೈಮನ್ ಹುಂಜದ ಮಾತು ಅಲ್ಲಿಗೇ ಬಿಟ್ಟ. ರಾಯರು ಸಭೆಯತ್ತ ತಿರುಗಿ, "ಈತ ಸಿಂಗಾಪುರ ನೋಡಿದ್ದಾನೆ. ಅಲ್ಲಿಗೆ ಹೋಗಿ ನೋಡಿದ ನಾನೇ ಸಾಕ್ಷಿ," ಎಂದು ತೀರ್ಪು ಕೊಟ್ಟು ಕೂತರು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಪಕೀರಬ್ಬ! ಸೈಮನ್ನ ಪೇಚು ಏನಾಯಿತೆಂದು ನೋಡಲು, ಕೈಯಲ್ಲಿ ಹುರಿದ ಅಂಜಲ್ ಮೀನಿನ ಪೊಟ್ಟಣ ಹಿಡಿದು ಬಂದಿದ್ದ. ಸೈಮನ್ ಮುಳುಗುವವನು ದೋಣಿ ಕಂಡಂತೆ ಅವನ ತೋಳು ಹಿಡಿದುಕೊಂಡ.

"ಪಕೀರಬ್ಬ, ಇವರಿಗೆ ಹೇಳು! ನಾನು ಸಿಂಗಾಪುರಕ್ಕೆ ಹೋಗಿದ್ದೇನಾ?"

ಪಕೀರಬ್ಬ ಸುತ್ತ ನೋಡಿದ. ಎದ್ದು ನಿಂತ ಜನ, ಕೆಂಪಾದ ಮುಖಗಳು, ನಡುವೆ ಬೆವರಿನಲ್ಲಿ ತೊಯ್ದ ಗೆಳೆಯ. ಬಡಪಾಯಿಯನ್ನು ಹಿಡಿದು ವಿಚಾರಣೆ ಮಾಡುತ್ತಿದ್ದಾರೆ. ಉಳ್ಳಾಲದ ಮನುಷ್ಯ ಒಮ್ಮೆ ಕೈ ಹಿಡಿದ ಮೇಲೆ ನಡುನೀರಿನಲ್ಲಿ ಬಿಡುತ್ತಾನೆಯೇ?

"ಇದೆಂತ ಕೇಳುದು ನೀವು?" ಎಂದು ಎಲ್ಲರನ್ನೂ ಗದರಿದ. "ಏರ್‌ಪೋರ್ಟಿನಿಂದ ಇವರ ಪೆಟ್ಟಿಗೆ ಎತ್ತಿ ವ್ಯಾನಿಗೆ ಹಾಕಿದ್ದು ನಾನು, ಇದೇ ಕೈಯಲ್ಲಿ! ಅಲ್ಲಾಹು ನೋಡ್ತಿದ್ದಾನೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಖಲಾಸ್!"

ನಿಜಕ್ಕೂ ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸೈಮನ್ ಕುರ್ಚಿಗೆ ಕುಸಿದ. ಪಕೀರಬ್ಬ ಅವನ ಕಿವಿಯ ಬಳಿ ಬಾಗಿ, "ಹೆದರ್ಬೇಡಿ ಪೊರ್ಬುಗಳೇ, ನಾನಿದ್ದೇನೆ," ಎಂದು ಪಿಸುಗುಟ್ಟಿದ.

ಲೀನಾ ಕೈಚೀಲ ಹೆಗಲಿಗೇರಿಸಿದಳು. "ತಿರುಗಾಟ ಮಾತ್ರ ಅಂತ ತಿಳಿದೆ," ಎಂದಳು. "ಸುಳ್ಳೂ ಉಂಟು. ಅದೂ ದೇವರ ಆಣೆ ಹಾಕಿ."

ಅವಳಿಗೆ ಟ್ಯಾಕ್ಸಿ ಹಿಡಿದು ಕೊಡಲು ಯಾರನ್ನಾದರೂ ಕಳಿಸಬೇಕಿತ್ತು. ಮ್ಯಾಗ್ಡಲಿನ್ ಬಾಯಿ ಗೇಬ್ರಿಯಲ್ಲನ್ನು ಎಬ್ಬಿಸಿದರು. "ಆ ತಿರುವಿನವರೆಗೆ ಬರ್ತೇನೆ," ಎಂದ ಗೇಬ್ರಿಯಲ್ ಚಪ್ಪಲಿ ಹುಡುಕುತ್ತ. "ಅದರಿಂದಾಚೆ ನನಗೆ ದಾರಿ ಗೊತ್ತಿಲ್ಲ." ಲೀನಾ ಆ ದಿನ ಮೊದಲ ಬಾರಿಗೆ ನಕ್ಕಳು.

ಮರುದಿನ ಸೈಮನ್ ಸಿಂಗಾಪುರದ ಮುದ್ರೆ ಬೀಳದ ತನ್ನ ಪಾಸ್‌ಪೋರ್ಟ್ ತೋರಿಸೆಂದು ಯೂಸುಫ್‌ನನ್ನು ಬೇಡಿಕೊಂಡ. ಯೂಸುಫ್ ಕಪಾಟಿಗೆ ಬೀಗ ಹಾಕಿ, ಬೀಗದಕೈ ಜೇಬಿಗಿಳಿಸಿ, "ಮಾಫಿ," ಎಂದ. ಅರಬ್ಬಿಯಲ್ಲಿ ಮಾಫಿ ಎಂದರೆ ಇಲ್ಲ, ಇಲ್ಲ ಎಂದರೆ ಇಲ್ಲ. ಸಂಜಯ್ ರಾವ್ ಮಾತ್ರ ಅಂದಿನಿಂದ "ನಾನೂ ಸೈಮನ್ನೂ ಸಿಂಗಾಪುರದಲ್ಲಿ ಕಂಡ ಹಾಗೆ" ಎಂದೇ ಮಾತು ಶುರುಮಾಡತೊಡಗಿದರು.

ನಾಲ್ಕು ತಿಂಗಳ ಮೇಲೆ ಒಂದು ಸಂಜೆ, ಐದೂವರೆಗೆ ಸರಿಯಾಗಿ, ಗೇಬ್ರಿಯಲ್ ನಾಚಿಕೊಳ್ಳುತ್ತ ಕಾಗದ, ಪೆನ್ನು ಹಿಡಿದು ಸೈಮನ್ನ ಮಂಚದ ಬಳಿ ನಿಂತ.

"ಮದುವೆ ಆದ ಕೂಡ್ಲೆ ನಾನು, ಲೀನಾ ಸಿಂಗಾಪುರಕ್ಕೆ ಹೋಗುದು ಮಾರಾಯ. ಎಲ್ಲೆಲ್ಲಿ ಹೋಗ್ಬೇಕು, ಸ್ವಲ್ಪ ಬರ್ಕೊಡು."

ಸೈಮನ್ ಗೋಡೆಯ ಕಡೆ ಮಗ್ಗುಲಾದ.

"ನಿನ್ನನ್ನೇ ಕರ್ಕೊಂಡು ಹೋಗುವ ಅಂತ ನಾನು ಹೇಳಿದ್ದು," ಎಂದ ಗೇಬ್ರಿಯಲ್, ಸಮಾಧಾನ ಮಾಡುವ ದನಿಯಲ್ಲಿ. "ಲೀನಾ ಬೇಡ ಅಂದಳು. ಅರ್ಧ ದಾರಿಯಲ್ಲಿ ನೀನು ನಮ್ಮನ್ನು ಬಿಟ್ಟು ಒಬ್ಬನೇ ಎಲ್ಲಿಗಾದ್ರೂ ಹೋಗಿಬಿಡ್ತಿ ಅಂತೆ."