ದೊಡ್ಡಪ್ಪ ಸುಶಿ ತಿಂದದ್ದು

ಬಸವೇಶ್ವರನಗರದ ಆ ಸುಶಿ ಹೋಟೆಲಿನಲ್ಲಿ, ಭಾನುವಾರ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ, ನಾನು ಬಾಗಿಲಿನಿಂದ ಎರಡನೇ ಮೇಜಿನ ಎಡಕ್ಕೆ ನಿಂತಿದ್ದೆ. ಕುರ್ಚಿ ಖಾಲಿ ಇತ್ತು. ಕೂರುವ ಧೈರ್ಯ ಇರಲಿಲ್ಲ. ಕಾರಣ, ಜೊತೆಗೆ ದೊಡ್ಡಪ್ಪ ಇದ್ದರು.

ಕೋಪದಲ್ಲಿ ದೊಡ್ಡಪ್ಪನನ್ನು ಮೀರಿಸುವವರು ಪಶ್ಚಿಮ ಬೆಂಗಳೂರಿನಲ್ಲಿ ಇರಲಿಲ್ಲ. ಪೂರ್ವ ಬೆಂಗಳೂರಿನಲ್ಲಿ ನಾನು ವಿಚಾರಿಸಿಲ್ಲ. ಮೆಟ್ರೊದಲ್ಲಿ ಬಾಗಿಲು ಮುಚ್ಚುತ್ತದೆ ಎಂದು ಹೇಳುವ ಹೆಣ್ಣುದನಿಗೂ ಅವರು, "ಕಾಣ್ತದೆ ಕಣಮ್ಮ, ಕಣ್ಣಿದೆ" ಎಂದು ಗದರುತ್ತಿದ್ದರು. ತಮ್ಮ ಮನೆಯ ಕರೆಗಂಟೆ ಹೆಚ್ಚು ಮಾತಾಡುತ್ತದೆ ಎಂದು ಅದರ ತಂತಿ ಕಿತ್ತಿದ್ದರು. ಆಮೇಲೆ, ಯಾರೂ ಮನೆಗೆ ಬರುತ್ತಿಲ್ಲ ಎಂದು ಕೋಪ.

ಆವತ್ತಿನ ಕೋಪ ಮೊಮ್ಮಗಳು ಸಿಂಧುವಿನ ಮೇಲೆ. ಅವಳು ಆ ಹೋಟೆಲಿನಲ್ಲಿ ಅಡುಗೆಯವಳಾಗಿ ಸೇರಿ ಒಂದು ತಿಂಗಳಾಗಿತ್ತು. ಅಲ್ಲಿ ಮೀನು ಕೊಯ್ಯುತ್ತಾರೆಂದು ದೊಡ್ಡಪ್ಪನಿಗೆ ಅಂದು ಬೆಳಿಗ್ಗೆ ಗೊತ್ತಾಯಿತು. "ಕೆಲಸ ಬಿಡಿಸ್ಕೊಂಡೇ ಬರ್ತೀನಿ, ಆಟೋ ಹಿಡಿ" ಎಂದರು. ಹಿಡಿದೆ.

"ಕೊರಳಲ್ಲಿ ಲಿಂಗ, ಕೈಯಲ್ಲಿ ಮೀನು. ನಡಿ ಮನೆಗೆ" ಎಂದರು ಅಡುಗೆಕಟ್ಟೆಯ ಈಚೆಯಿಂದ.

ಆಚೆ ಟೋಪಿ ಹಾಕಿಕೊಂಡು ನಿಂತಿದ್ದ ಸಿಂಧುವಿನ ಮುಖ ಬಿಳಿಚಿತು. ದನಿ ಮಾತ್ರ ನಡುಗಲಿಲ್ಲ. "ಊಟದ ಹೊತ್ತು ಅಜ್ಜ. ತಿಂದು ಬೈಯಿರಿ. ಬರೀ ತರಕಾರಿದು ಮಾಡ್ಕೊಡ್ತೀನಿ. ಈ ಮಣೆ, ಈ ಚಾಕು ಮನೆಯಿಂದ ತಂದಿದ್ದು. ಇವಕ್ಕೆ ಮೀನು ಸೋಕಿಲ್ಲ."

"ಯಾರು ಸಾಕ್ಷಿ?"

"ನಾನೇ."

ದೊಡ್ಡಪ್ಪ ಕೂತರು. ಸಿಂಧು ಅನ್ನ, ಸೌತೆಕಾಯಿಯನ್ನು ಕಡಲಪಾಚಿಯ ಕರೀ ಹಾಳೆಯಲ್ಲಿ ಸುರುಳಿ ಸುತ್ತಿ, ತುಂಡು ಮಾಡಿ ತಟ್ಟೆಯಲ್ಲಿ ಕೊಟ್ಟಳು. ಮ್ಯಾನೇಜರ್ ಅದನ್ನು ಎತ್ತಿ ತಿನ್ನಲು ಎರಡು ಕಡ್ಡಿ ತಂದಿಟ್ಟ. ಅವರು ಒಂದನ್ನು ನನಗೆ ಕೊಟ್ಟು, "ನಿಂಗೊಂದು" ಎಂದು ಕೈಯಲ್ಲೇ ತಿನ್ನತೊಡಗಿದರು. ಮೊದಲ ತುಂಡಿಗೆ, "ಅನ್ನ ಅಂಟು." ಎರಡನೆಯದಕ್ಕೆ, "ತಂಗಳು." ಮೂರನೆಯದಕ್ಕೆ, "ಕರೀ ಕಾಗದ ಬಿಚ್ಚೋದು ಮರೆತಿದಾಳೆ." ಎಂಟು ತುಂಡು, ಎಂಟು ದೂರು. ನಾನು ಎಣಿಸಿದ್ದೇನೆ. ತಟ್ಟೆ ಖಾಲಿಯಾದ ಮೇಲೆ ಸಿಂಧು ಮನೆಗೆ ಹೊರಡಲು ತಾನಾಗಿಯೇ ಟೋಪಿ ತೆಗೆದಳು.

ಆಗ ದೊಡ್ಡಪ್ಪ ಲೋಟದ ನೀರನ್ನು ತಟ್ಟೆಗೆ ಸುರಿದರು. ಅಂಟಿದ್ದ ಅನ್ನದ ಅಗುಳನ್ನು ಬೆರಳಿನಿಂದ ನಿಧಾನವಾಗಿ ಬಿಡಿಸಿ, ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದುಬಿಟ್ಟರು. ನಮ್ಮಲ್ಲಿ ಪ್ರಸಾದ ಎಂದು ಉಂಡದ್ದನ್ನು ಮುಗಿಸುವ ಕ್ರಮ ಅದು. ಮನೆಯಲ್ಲಿ ಮಾಡುತ್ತಿದ್ದರು, ಮಠದಲ್ಲಿ ಮಾಡುತ್ತಿದ್ದರು. ಹೋಟೆಲಿನಲ್ಲಿ ಮಾಡಿದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

"ಸಾರ್, ಬೇರೆ ನೀರು ಕೊಡ್ತೀನಿ" ಎಂದ ಮ್ಯಾನೇಜರ್ ಗಾಬರಿಯಿಂದ. ಪಕ್ಕದ ಮೇಜಿನ ಹುಡುಗನೊಬ್ಬ ನಗುತ್ತ ಫೋನ್ ಎತ್ತಿದ. ಅವನ ಮೇಲೆ ನನಗೆ ಬಂದ ಕೋಪ ಇನ್ನೂ ಇಳಿದಿಲ್ಲ.

ದೊಡ್ಡಪ್ಪ ಬಾಯಿ ಒರೆಸಿಕೊಂಡು ಗದರಿದರು, "ಸೌತೆಕಾಯಿ ದಪ್ಪ ಆಯ್ತು. ನಾಳೆಯಿಂದ ಸಣ್ಣಕ್ಕೆ ಹೆಚ್ಚು. ಟೋಪಿ ಹಾಕ್ಕೋ, ಕೂದಲು ಬೀಳ್ತದೆ."

ಸಿಂಧು ನಮಗೆ ಬೆನ್ನು ಮಾಡಿ ಬಹಳ ಹೊತ್ತು ಆ ಮಣೆಯನ್ನೇ ತೊಳೆದಳು.

ದೊಡ್ಡಪ್ಪ ಹೋಗಿ ಏಳು ತಿಂಗಳಾಯಿತು. ಅವರು ಒಮ್ಮೆ ಸೋತಿದ್ದರು ಎಂದರೆ ನೆಂಟರು ನಂಬುವುದಿಲ್ಲ. ಕಣ್ಣಾರೆ ಕಂಡವರು ಇದ್ದೇವೆ: ಆ ಮ್ಯಾನೇಜರ್, ನಾನು, ಮತ್ತು ಈಗಲೂ ಅಲ್ಲೇ ಕೆಲಸ ಮಾಡುವ ಸಿಂಧು.